ಮನೆತನದ ಕಥೆಯೂ ಪಿತೃಋಣವೂ

ಹಿರಿಯರಿಂದ ಬಂದ ಹೊಲಮನೆಗಳನ್ನು ಮಕ್ಕಳಿಗೆ ಒಪ್ಪಿಸುವುದು ಗೃಹಸ್ಥಧರ್ಮವೆಂಬುದನ್ನು ಎಲ್ಲರೂ ಒಪ್ಪುವರು. ಹಿರಿಯರ ಕಥೆಯನ್ನು ಒಪ್ಪಿಸುವುದೂ ಧರ್ಮವೇ ಎಂದು ಕೇಳಿದರೆ ಹೌದೆನ್ನುವವರು ಬಹುಮಂದಿ, ಒಪ್ಪಿಸುವವರು ಕೆಲವರು, ಇದ್ದುದನ್ನು ಇದ್ದಂತೆ ಒಪ್ಪಿಸುವವರು ಅತಿ ವಿರಳ. ಮನೆತನದ ಕಥೆಯಲ್ಲಿ ಕೀರ್ತಿಯನ್ನು ಮಾತ್ರ ಉಳಿಸಿ ಕುಂದನ್ನು ಮರೆಮಾಡುವುದು ನ್ಯಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದಾವಣಗೆರೆ ಹರಿಹರಗಳಲ್ಲಿ ಈ ಪ್ರಶ್ನೆಗೆ ಅವಸರವೂ ಉಂಟು. ದುಡಿಮೆಯನ್ನರಸಿ ಬಂದು ನೆಲಸಿದ ಮನೆತನಗಳು ಈ ಊರುಗಳಲ್ಲಿ ಅನೇಕ. ಹತ್ತಿಯ ಗಿರಣಿಗಳು ದಾವಣಗೆರೆಗೆ ಹೆಸರನ್ನೂ ಸಾವಿರಾರು ಸಂಸಾರಗಳಿಗೆ ಅನ್ನವನ್ನೂ ಕೊಟ್ಟುವು. ಹರಿಹರದಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರದ ಕಾರ್ಖಾನೆ ಸ್ಥಾಪಿತವಾಯಿತು. ಕಾಲಾಂತರದಲ್ಲಿ ಗಿರಣಿಗಳು ಬಹುಮಟ್ಟಿಗೆ ಮುಚ್ಚಿದುವು. ಆ ಕಾರ್ಖಾನೆಯೂ ನಿಂತಿತು. ಅಲ್ಲಿ ದುಡಿದ ತಲೆಮಾರು ಈಗ ಸರಿಯುತ್ತಿದೆ. ಅಜ್ಜನು ಯಾವ ಹಳ್ಳಿಯನ್ನು ಬಿಟ್ಟುಬಂದನು, ಏಕೆ ಬಿಟ್ಟನು ಎಂಬುದನ್ನು ಬಲ್ಲವರು ಮನೆಗೊಬ್ಬರು ಉಳಿದಿದ್ದರೆ ಹೆಚ್ಚು.

ನೆನಪನ್ನು ಕಾಯುವ ಉಪಾಯಗಳು ನಾಡಿನಲ್ಲಿ ಇಲ್ಲದಿರಲಿಲ್ಲ. ಹರಿಹರೇಶ್ವರನ ದೇವಾಲಯವನ್ನು ೧೨೨೪ರಲ್ಲಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನ ಹೆಸರು ಶಾಸನದಿಂದ ಇಂದಿಗೂ ತಿಳಿಯುವುದು. ತುಂಗಭದ್ರೆಯ ದಡಕ್ಕೆ ಕಲ್ಲು ಹೊತ್ತವರ ಹೆಸರನ್ನು ಊರು ಅರಿಯದು. ಶಿಲೆಯ ಭಾಗ್ಯವಿಲ್ಲದ ಒಕ್ಕಲು ಮನೆಗಳಿಗೆ ಹೆಳವರು ಇದ್ದರು. ಅವರು ಎತ್ತನ್ನೇರಿ ಹಳ್ಳಿಯಿಂದ ಹಳ್ಳಿಗೆ ಬಂದು, ಮನೆಯ ಮುಂದೆ ವಂಶಾವಳಿಯನ್ನು ಹಾಡಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕಾಳನ್ನೋ ಹಣವನ್ನೋ ಪಡೆದು ಮುಂದುವರಿಯುತ್ತಿದ್ದರು. ಈ ಉಪಕಾರ ಸಣ್ಣದಲ್ಲ. ಆದರೆ ಕೊಟ್ಟ ಮನೆಯನ್ನು ಹೊಗಳುವುದು ಅವರ ವೃತ್ತಿಗೆ ಸಹಜ. ವಂಶಾವಳಿಯೂ ಗಂಡುಸಂತತಿಯ ಜಾಡನ್ನೇ ಹಿಡಿದು ನಡೆಯುವುದು.

ಇನ್ನು ವರ್ತಕರಿಗೆ ಕಡತವಿತ್ತು. ಮಸಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇಟಲಿಯ ಫ್ಲಾರೆನ್ಸ್ ನಗರದ ವರ್ತಕರು ೧೪ ಮತ್ತು ೧೫ನೆಯ ಶತಮಾನಗಳಲ್ಲಿ ಇಂತಹ ಲೆಕ್ಕಕ್ಕೆ ಬೇರೊಂದು ದಾರಿಯನ್ನು ಹಿಡಿದರು. ಕೊಟ್ಟ ಸಾಲ, ಪಡೆದ ಸಾಲಗಳ ಜೊತೆಯಲ್ಲಿಯೇ ಮನೆಯ ಹುಟ್ಟು, ಮದುವೆ, ಮರಣಗಳನ್ನು ಒಂದೇ ಪುಸ್ತಕದಲ್ಲಿ ಬರೆದು ಮಕ್ಕಳಿಗೆ ಬಿಟ್ಟುಹೋದರು. ಕುಲಕಥೆಗೂ ಜಮಾ ಖರ್ಚು ಎಂಬ ಎರಡು ಪಕ್ಕಗಳುಂಟೆಂಬ ಭಾವನೆ ಅದರಿಂದ ಹೊಳೆಯುವುದು. ವ್ಯಾಪಾರದಿಂದ ಬೆಳೆದ ದಾವಣಗೆರೆಗೆ ಇದು ಅಪರಿಚಿತವಾದ ಮಾತಲ್ಲ.

ಇದಕ್ಕೆ ಆಕ್ಷೇಪವುಂಟು. ಸತ್ತವರ ತಪ್ಪನ್ನು ಕೆದಕುವುದು ಸಭ್ಯತೆಯಲ್ಲ. ಅವರು ಬಂದು ಸಮಾಧಾನ ಹೇಳಲಾರರು. ಅಜ್ಜನ ದೋಷವನ್ನು ಕೇಳಿದ ಮೊಮ್ಮಗನು ತಲೆ ತಗ್ಗಿಸಬೇಕಾಗುವುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಎಷ್ಟಿದೆ ಎಂಬುದನ್ನು ಅಳೆಯಲು ಧರ್ಮಶಾಸ್ತ್ರದಲ್ಲಿಯೇ ಒಂದು ಗೆರೆ ದೊರೆಯುವುದು. ಕಲ್ಯಾಣದ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯು ತಂದೆಯ ಸಾಲವನ್ನು ಮಗನು ತೀರಿಸಬೇಕೆನ್ನುವುದು. ಆದರೆ ಕುಡಿತ, ಕಾಮ, ಜೂಜುಗಳಿಗಾಗಿ ಮಾಡಿದ ಸಾಲವನ್ನು ಅವನ ಮೇಲೆ ಹೊರಿಸುವುದಿಲ್ಲ. ೨೦೦೫ರ ತಿದ್ದುಪಡಿಯ ತರುವಾಯ, ಹೊಸ ಸಾಲಗಳಿಗಾಗಿ ಕೇವಲ ಈ ಧರ್ಮವನ್ನು ಆಧರಿಸಿ ಮಗನ ಮೇಲೆ ವ್ಯಾಜ್ಯ ಹೂಡುವಂತಿಲ್ಲ. ಕಾನೂನು ಕೈಬಿಟ್ಟರೂ ಅದರೊಳಗಿನ ವಿವೇಕವು ನೆನಪಿನ ವಿಷಯದಲ್ಲಿ ಪ್ರಯೋಜನಕ್ಕೆ ಬರುವುದು. ಹಿರಿಯನು ತನ್ನ ದೌರ್ಬಲ್ಯದಿಂದ ತನಗೇ ಮಾಡಿಕೊಂಡ ಕೇಡನ್ನು ಮಕ್ಕಳು ಮೌನಕ್ಕೆ ಬಿಡಬಹುದು. ಇನ್ನೊಬ್ಬರಿಂದ ಪಡೆದುದನ್ನು, ಇನ್ನೊಬ್ಬರಿಗೆ ಮಾಡಿದ ಅನ್ಯಾಯವನ್ನು ಹಾಗೆ ಬಿಡಲಾಗದು. ಅದರ ಫಲವನ್ನು ಮಕ್ಕಳು ಉಣ್ಣುತ್ತಿರುವರು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನು ಬರಿಗೈಯಲ್ಲಿ ದಾವಣಗೆರೆಗೆ ಬಂದು, ಸ್ವಂತ ತೋಳ್ಬಲದಿಂದ ಅಂಗಡಿಯಿಟ್ಟು ಶ್ರೀಮಂತನಾದನೆಂದು ಅವನ ಮನೆಯವರು ಹೇಳುವರು. ಆ ಅಂಗಡಿಯ ಮೂಲಧನವು ವಿಧವೆಯಾದ ಅಕ್ಕನ ಬಳೆಗಳಿಂದಲೂ, ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಅವಳು ದುಡಿದ ಕೂಲಿಯಿಂದಲೂ ಬಂದಿತ್ತೆಂದು ಭಾವಿಸಿದರೆ, ಕಥೆಯ ನ್ಯಾಯವೇ ಬೇರೆಯಾಗುವುದು. ಅವಳ ಹೆಸರು ವಂಶಾವಳಿಯಲ್ಲಿಲ್ಲ. ಅವಳ ಹಣ ಹಿಂದಿರುಗಲಿಲ್ಲ. ಅವಳ ಕಡೆಯವರು ಅದೇ ಊರಿನಲ್ಲಿ ಬಾಡಿಗೆಯ ಮನೆಯಲ್ಲಿರುವರು. ಈ ಕಥೆಯನ್ನು ಮರೆತ ಮೊಮ್ಮಗನು ಅವರನ್ನು ದೂರದ ಬಡನೆಂಟರೆಂದು ಕರುಣೆಯಿಂದ ನೋಡುವನು. ಬಲ್ಲವನು ಸಾಲಗಾರನ ವಿನಯದಿಂದ ನೋಡುವನು. ಒಂದು ಮಾತನ್ನು ಬಿಟ್ಟುದರಿಂದ ಋಣವು ದಾನವಾಗಿ ತೋರುವುದು. ಇಂತಹ ಮರೆವು ಸತ್ತವರ ಮಾನವನ್ನು ಕಾಯುವುದಕ್ಕಿಂತ ಬದುಕಿರುವವರ ಹಕ್ಕನ್ನು ಕಸಿಯುವುದೇ ಹೆಚ್ಚು.

ಮೊಮ್ಮಗನು ತಲೆ ತಗ್ಗಿಸಬೇಕಾಗುವುದೆಂಬ ಭಯವೂ ಪೂರ್ಣವಾಗಿ ಸರಿಯಲ್ಲ. ಅಜ್ಜನ ತಪ್ಪಿಗೆ ಅವನು ಅಪರಾಧಿಯಲ್ಲ. ತೀರಿಸುವ ಅವಕಾಶವುಳ್ಳ ವಾರಸುದಾರನು ಮಾತ್ರ. ಕುಂದಿಲ್ಲದ ಹಿರಿಯರ ಕಥೆಯನ್ನೇ ಕೇಳಿ ಬೆಳೆದ ಮಗನು ತಾನು ಮೊದಲ ಬಾರಿ ಎಡವಿದಾಗ ಕುಲದಲ್ಲಿ ತಾನೊಬ್ಬನೇ ಕೆಟ್ಟವನೆಂದು ಕುಗ್ಗುವನು.

ಆದುದರಿಂದ ಮನೆಯ ವೃದ್ಧರ ಬಳಿ ಕುಳಿತು ಕಥೆಯನ್ನು ಬರೆದುಕೊಳ್ಳುವವರು ಬಿಟ್ಟುಬಂದ ಊರು, ಮೊದಲು ಆಶ್ರಯವಿತ್ತವರು, ಮನೆಗೆ ಬಂದ ಮತ್ತು ಮನೆಯಿಂದ ಹೋದ ಹೆಣ್ಣುಮಕ್ಕಳ ಹೆಸರು, ಇವನ್ನು ಮೊದಲು ಕೇಳತಕ್ಕದ್ದು. ಬದುಕಿರುವವರಿಗೆ ನೋವಾಗುವ ಮಾತಿದ್ದರೆ ಅದನ್ನು ಬರೆದು ಕಾಲ ಬರುವವರೆಗೆ ಮುಚ್ಚಿಡಬಹುದು, ಅಳಿಸಲಾಗದು. ಸಂತಾನದಿಂದ ಪಿತೃಋಣವು ತೀರುವುದೆಂದು ಹಿರಿಯರು ಹೇಳಿದರು. ಪಿತೃಗಳು ಯಾರಿಗೆ ಋಣಿಗಳಾಗಿದ್ದರೆಂಬುದನ್ನು ಆ ಸಂತಾನಕ್ಕೆ ತಿಳಿಸುವುದೂ ಆ ಋಣದ ಒಂದು ಭಾಗವೇ.