ಹೆಸರಿಗಾಗಿ ಒಂದು ಪ್ರಾಣ

ನಮ್ಮ ಸಾಗರದ ಕಡೆಯ ಕಾಡು ಜೇನ್ನೊಣಗಳಲ್ಲಿ ಎಷ್ಟು ಬಗೆಯಿವೆ ಅಂತ ದಾಖಲಿಸಲು ಸ್ನೇಹಿತರ ಮಗನೊಬ್ಬ ಬಂದು ಎರಡು ತಿಂಗಳಾಯಿತು. ಕೀಟಶಾಸ್ತ್ರ ಓದುತ್ತಿರುವ ಹುಡುಗ. ಅಡಿಕೆ ತೋಟದ ಅಂಚಿನಲ್ಲಿ ಹಳದಿ, ನೀಲಿ, ಬಿಳಿ ಬಟ್ಟಲುಗಳನ್ನಿಟ್ಟು ಸಾಬೂನು ನೀರು ತುಂಬಿಡುತ್ತಾನೆ. ಹೂವೆಂದು ಇಳಿದ ನೊಣ ಮತ್ತೆ ಏಳುವುದಿಲ್ಲ. ಬಲೆಗೆ ಸಿಕ್ಕಿದ್ದು ಈಥೈಲ್ ಅಸಿಟೇಟ್ ಹಾಕಿದ ಬಾಟಲಿಗೆ, ಅಲ್ಲಿಂದ ಸೂಜಿಯ ತುದಿಗೆ. ಇದನ್ನೆಲ್ಲ ನೋಡಿದ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅಲ್ವೋ ತಮ್ಮಾ, ಉಳಿಸ್ತೀನಿ ಅಂತ ಬಂದವ ಹೀಗೆ ಕೊಲ್ಲೋದಾ?"

ಇದಕ್ಕೆ ಸುಲಭದ ಉತ್ತರಗಳಿವೆ. ಒಂದು ದಿನದ ಕೀಟನಾಶಕ ಸಿಂಪಡಣೆ ಇವನ ವರ್ಷದ ಬಟ್ಟಲುಗಳಿಗಿಂತ ಹೆಚ್ಚು ಕೊಲ್ಲುತ್ತದೆ, ಜೇಡ ತಿನ್ನುವುದಿಲ್ಲವೇ, ಕಾರಿನ ಗಾಜಿಗೆ ಬಡಿದು ಸಾಯುವುದಿಲ್ಲವೇ, ಇತ್ಯಾದಿ. ಈ ವಾದ ನನಗೆ ಯಾವತ್ತೂ ಸರಿಬಂದಿಲ್ಲ. ಪಕ್ಕದವನು ಕ್ವಿಂಟಾಲ್ ಕದ್ದ ಅಂತ ನಾನು ಕದ್ದ ಸೇರು ದಾನವಾಗುವುದಿಲ್ಲ. ದೊಡ್ಡಮ್ಮನ ಪ್ರಶ್ನೆಯನ್ನು ಅದರ ಜಾಗದಲ್ಲೇ ನಿಂತು ಎದುರಿಸಬೇಕು: ಒಂದು ಜೀವಿಯ ಹೆಸರು ತಿಳಿಯುವುದಕ್ಕೆ ಅದರ ಪ್ರಾಣ ತೆಗೆಯಬಹುದೇ?

ಮೊದಲು, ಸಾಯುವುದು ಯಾರು ಅಂತ ನೋಡಿ. ಹೆಜ್ಜೇನಿನ ಗೂಡಿನಲ್ಲಿ ಸಾವಿರಾರು ನೊಣಗಳಿರುತ್ತವೆ, ಹತ್ತು ಕೆಲಸಗಾರರು ಸತ್ತರೆ ಸಂಸಾರ ನಿಲ್ಲುವುದಿಲ್ಲ. ಆದರೆ ಜಗತ್ತಿನಲ್ಲಿ ಇದುವರೆಗೆ ಗುರುತಿಸಿದ 20,000ಕ್ಕೂ ಹೆಚ್ಚು ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲು ಒಂಟಿ ಬಾಳಿನವು. ಒಬ್ಬಳೇ ಹೆಣ್ಣು ಮಣ್ಣಿನಲ್ಲೋ ಕಡ್ಡಿಯ ಟೊಳ್ಳಿನಲ್ಲೋ ಕೋಣೆ ಮಾಡಿ, ಪರಾಗ ಮಕರಂದ ಕಲಸಿದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಮುಂದಿನ ಕೋಣೆಗೆ ಹೋಗುತ್ತಾಳೆ. ಕೆಲವೇ ವಾರಗಳ ಆಯಸ್ಸು. ರಾಣಿಯೂ ಅವಳೇ, ಆಳೂ ಅವಳೇ. ಉಂಡೆ ಅರ್ಧ ತುಂಬಿದ್ದಾಗ ಅವಳು ಬಟ್ಟಲಿಗೆ ಬಿದ್ದರೆ ಆ ಮನೆಯ ಕಥೆ ಅಲ್ಲಿಗೆ ಮುಗಿಯಿತು. ಬಟ್ಟಲಿನಲ್ಲಿ ಸಿಕ್ಕ ಪ್ರತಿ ನೊಣವನ್ನೂ 'ಒಂದು' ಅಂತ ಎಣಿಸುವುದು ಸಂಖ್ಯಾಶಾಸ್ತ್ರಕ್ಕೆ ಸರಿ, ನ್ಯಾಯಕ್ಕಲ್ಲ.

ಹಾಗಾದರೆ ಫೋಟೋ ತೆಗೆದು ಬಿಟ್ಟುಬಿಡಬಾರದೇ? ಕೆಲವನ್ನು ಬಿಡಬಹುದು. ತುಳಸಿ ಗಿಡಕ್ಕೆ ಬರುವ ನೀಲಿ ಪಟ್ಟಿಯ ಅಮೆಗಿಲ್ಲಾ ಯಾವ ಗುಂಪಿನದು ಅಂತ ಫೋಟೋ ನೋಡಿಯೇ ಹೇಳಬಹುದು. (ಸಂಜೆ ಹೊತ್ತು ಗಮನಿಸಿ, ಇವುಗಳ ಗಂಡುಗಳು ಒಣಕಡ್ಡಿಯನ್ನು ದವಡೆಯಿಂದ ಕಚ್ಚಿಕೊಂಡು ಸಾಲಾಗಿ ನಿದ್ದೆ ಮಾಡುತ್ತವೆ. ಇದನ್ನು ನೋಡಿದವರಿಗೆ ಬಲೆ ಬೀಸಲು ಕೈ ಬರುವುದು ಕಷ್ಟ.) ಆದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿರುವ ಕಪ್ಪು ನೊಣಗಳು ನೂರು ಇದ್ದರೂ ನಮ್ಮ ಕಣ್ಣಿಗೆ ಒಂದೇ. ರೆಕ್ಕೆಯ ನರ, ಬೆನ್ನ ಮೇಲಿನ ಗುಳಿಗಳು, ಗಂಡಿನ ಜನನಾಂಗದ ಆಕಾರ, ಇದನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುವುದು. ಕಾಲಿನ ತುದಿ ಕತ್ತರಿಸಿ ಡಿಎನ್‌ಎ ನೋಡಿ, ನೊಣವನ್ನು ಬದುಕಲು ಬಿಡುವ ದಾರಿಯೂ ಇದೆ. ಆದರೆ ಆ ಡಿಎನ್‌ಎಯನ್ನು ಹೋಲಿಸಲು, ಯಾರೋ ಮೊದಲೇ ಕೊಂದು ಸೂಜಿಗೆ ಚುಚ್ಚಿ ಹೆಸರು ಬರೆದಿಟ್ಟ ಇನ್ನೊಂದು ನೊಣ ಬೇಕಲ್ಲ!

ಹೆಸರು ಅಷ್ಟು ಮುಖ್ಯವೇ ಅಂತ ಕೇಳಿದರೆ ನನಗೆ ನೆನಪಾಗುವುದು 1991–92. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿತು. ಆ ನಷ್ಟ ಸುದ್ದಿಯಾಯಿತು, ಚರ್ಚೆಯಾಯಿತು, ಸಂಶೋಧನೆಯಾಯಿತು. ಯಾಕೆಂದರೆ ಪೆಟ್ಟಿಗೆಗೊಬ್ಬ ಯಜಮಾನನಿದ್ದ, ನೊಣಕ್ಕೊಂದು ಹೆಸರಿತ್ತು. ಅದೇ ರೀತಿ ಒಂಟಿ ನೊಣವೊಂದು ನಮ್ಮ ಊರಿನಿಂದ ಪೂರ್ತಿ ಅಳಿದುಹೋದರೆ ಯಾರಿಗೆ ಗೊತ್ತಾಗುತ್ತದೆ? ಬದನೆ ಕಾಯಿ ಕಡಿಮೆಯಾಯಿತು ಅಂತ ಗೊಬ್ಬರ ಜಾಸ್ತಿ ಹಾಕುತ್ತೇವೆ ಅಷ್ಟೆ. ಬದನೆ, ಟೊಮೆಟೊ ಹೂವಿನ ಪರಾಗ ಉದುರಬೇಕಾದರೆ ಹೂವನ್ನು ಹಿಡಿದು ಮೈ ಗುಂಯ್ ಎನ್ನಿಸಿ ಅಲುಗಿಸಬೇಕು. ಅಮೆಗಿಲ್ಲಾ ಅದನ್ನು ಮಾಡುತ್ತದೆ, ಪೆಟ್ಟಿಗೆಯ ಜೇನಿಗೆ ಆ ವಿದ್ಯೆಯಿಲ್ಲ.

ನಮ್ಮ ಭಾಷೆಯನ್ನೇ ನೋಡಿ. ಹೆಜ್ಜೇನು, ತುಡುವೆ, ಕೋಲ್ಜೇನು. ಸೊಳ್ಳೆಯಷ್ಟಿರುವ ಮುಜಂಟಿಗೆ ಊರಿಗೊಂದು ಹೆಸರು, ಮಿಸ್ರಿ ಅಂತಲೂ ಉಂಟು, ನಸರಿ ಅಂತಲೂ ಉಂಟು. ತುಪ್ಪ ಕೊಡುವವರಿಗೆಲ್ಲ ಹೆಸರಿದೆ. ಮಿಕ್ಕವು? ದೊಡ್ಡದಾದರೆ ದುಂಬಿ, ಚಿಕ್ಕದಾದರೆ ಹುಳ. ಭಾರತದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಹಿರಿಯರ ಪ್ರಕೃತಿ ಜ್ಞಾನದ ಬಗ್ಗೆ ನನಗೆ ಗೌರವವಿದೆ, ಆದರೆ ಲಾಭವಿಲ್ಲದ ಕಡೆ ನಮ್ಮ ಕಣ್ಣು ಹೋಗಿದ್ದು ಕಡಿಮೆ ಎಂಬುದನ್ನು ಒಪ್ಪಬೇಕು. ಆ ಹುಳಗಳ ಲೆಕ್ಕ ಇಟ್ಟವನು ಬರ್ಮಾದಲ್ಲಿ ಅರಣ್ಯಾಧಿಕಾರಿಯಾಗಿದ್ದ ಬಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಸೇನೆಯವ. ಅವನ ಪುಸ್ತಕ ಬಂದಿದ್ದು 1897ರಲ್ಲಿ. ಹುಡುಗನ ಮೇಜಿನ ಮೇಲೆ ಈಗಲೂ ಅದರ ಜೆರಾಕ್ಸ್ ಇದೆ.

ಹೆಸರು ಸಿಕ್ಕಿತು, ಇನ್ನು ಕ್ಷೇಮ ಅಂತಲೂ ಇಲ್ಲ. ಜಗತ್ತಿನ ಅತಿದೊಡ್ಡ ಜೇನ್ನೊಣವನ್ನು ವ್ಯಾಲೇಸ್ 1858ರಲ್ಲಿ ಇಂಡೋನೇಷ್ಯಾದ ಬಚಾನ್ ದ್ವೀಪದಲ್ಲಿ ಸಂಗ್ರಹಿಸಿದ. ಆಮೇಲೆ 1981ರವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2018ರಲ್ಲಿ ಅದರ ಸತ್ತ ಮಾದರಿಯೊಂದು ಇ-ಬೇಯಲ್ಲಿ 9,100 ಡಾಲರಿಗೆ ಹರಾಜಾಯಿತು. ಅಪರೂಪ ಎಂಬ ಮಾತೇ ಬೆಲೆಯಾಯಿತು. ದಾಖಲೆ ಕಾವಲುಗಾರನೂ ಹೌದು, ಕಳ್ಳನಿಗೆ ದಾರಿ ತೋರಿಸುವವನೂ ಹೌದು.

ಹಾಗಾಗಿ ನಾನು ಹುಡುಗನಿಗೆ ಕೇಳಿದ್ದು, ಎಷ್ಟು ಕೊಂದೆ ಅಂತಲ್ಲ. ಕೊಂದಿದ್ದರಲ್ಲಿ ಎಷ್ಟಕ್ಕೆ ಹೆಸರು ಹಚ್ಚಿದೆ ಅಂತ. ಅವನು ಪ್ರಾಮಾಣಿಕ, ಮೂರರಲ್ಲಿ ಒಂದು ಭಾಗ ಇರಬಹುದು ಅಂದ. ಉಳಿದವು ಡಬ್ಬಿಯಲ್ಲಿ ಕಾಯುತ್ತಿವೆ. ನನ್ನ ದೃಷ್ಟಿಯಲ್ಲಿ ವಿಷಯ ಇಲ್ಲೇ ಇರುವುದು. ಯಾವ ಜಾಗ, ಯಾವ ದಿನ, ಯಾವ ಹೂವು ಅಂತ ಚೀಟಿ ಬರೆದು, ಪರೀಕ್ಷಿಸಿ, ಇನ್ನೊಬ್ಬರು ಬಂದು ನೋಡುವಂತೆ ಕಾಪಾಡಿದ ನೊಣದ ಸಾವಿಗೆ ನಾನು ಒಪ್ಪಿಗೆ ಕೊಡಬಲ್ಲೆ. ವಿಂಗಡಿಸುವ ಕೈಯೇ ಇಲ್ಲದೆ ಬಟ್ಟಲು ತುಂಬಿಸಿ, ಬೂಷ್ಟು ಹಿಡಿದ ಮೇಲೆ ಎಸೆದರೆ, ಅದಕ್ಕೆ ಸಂಶೋಧನೆ ಎಂಬ ಮರ್ಯಾದೆ ಬೇಡ. ಬಟ್ಟಲು ಬೇಕಾದ್ದು ಬೇಡದ್ದು ಎಲ್ಲವನ್ನೂ ಮುಳುಗಿಸುತ್ತದೆ. ಬಲೆ ಹಿಡಿದವನಿಗೆ ಬಿಡುವ ಅವಕಾಶವಾದರೂ ಇರುತ್ತದೆ. ಇದನ್ನು ಹೇಳಿದ ಮೇಲೆ ಅವನು ಬಟ್ಟಲುಗಳನ್ನು ವಾರಕ್ಕೊಂದು ದಿನಕ್ಕೆ ಇಳಿಸಿದ್ದಾನೆ. ಅವನ ಮಾರ್ಗದರ್ಶಕರಿಗೆ ಅದು ಅಷ್ಟು ಹಿಡಿಸಿಲ್ಲವಂತೆ, ಅಂಕಿಅಂಶ ಸಾಲುವುದಿಲ್ಲ ಅಂತ. ಅವರದ್ದೂ ಸುಳ್ಳು ವಾದವಲ್ಲ.

ಹೆಸರು ಹಚ್ಚಿದ ಆ ಮೂರನೇ ಒಂದು ಭಾಗದಿಂದ ಈವರೆಗೆ ಆಗಿರುವ ಕೆಲಸ ಒಂದು. ಪಂಪ್‌ಶೆಡ್ ಹಿಂದಿನ ಮಣ್ಣಿನ ದರೆಯಲ್ಲಿರುವ ತೂತುಗಳು ಅಮೆಗಿಲ್ಲಾದ ಮನೆಗಳು ಅಂತ ಗೊತ್ತಾಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಜೆಸಿಬಿ ತಂದು ಆ ದರೆ ಕೆರೆಸುತ್ತಿದ್ದೆವು, ಈ ಸಲ ಬೇಡವೆಂದೆ. ಅಣ್ಣನಿಗೆ ಸಮಾಧಾನವಿಲ್ಲ. ದರೆ ಕುಸಿದರೆ ಶೆಡ್ಡಿನ ಮೇಲೇ ಬೀಳುವುದು, ಮೋಟಾರಿಗೆ ಯಾರು ದುಡ್ಡು ಕೊಡ್ತಾರೆ ಅಂತ ಕೇಳಿದ. ಕೊನೆಗೆ ಒಂದು ಮಳೆಗಾಲ ನೋಡೋಣ ಅಂದಿದ್ದಾನೆ.