ಆಟಕ್ಕೆ ಹೋಗುವವರು

ಕರಾವಳಿಯ ಕನ್ನಡದಲ್ಲಿ ‘ಆಟ’ ಎಂಬ ಒಂದೇ ಪದ ಎರಡು ಬೇರೆ ಬೇರೆ ಸಂಗತಿಗಳಿಗೆ ಹೆಸರಾಗಿದೆ: ಮೈದಾನದಲ್ಲಿ ಸೋಲು-ಗೆಲುವಿಗಾಗಿ ಆಡುವುದೂ ಆಟ, ಕೊಯ್ಲು ಮುಗಿದ ಗದ್ದೆಯಲ್ಲೋ ದೇವಸ್ಥಾನದ ಎದುರಿನ ಬಯಲಿನಲ್ಲೋ ರಂಗಸ್ಥಳ ಕಟ್ಟಿ ನಡೆಸುವ ಯಕ್ಷಗಾನವೂ ಆಟ. ಯಕ್ಷಗಾನವನ್ನು ಸಂಗೀತರಂಗಭೂಮಿ ಎಂದು ಕರೆಯುವುದು ಸರಿಯಾದರೂ ಒಂದು ವಿಶೇಷವನ್ನು ಗಮನಿಸಬೇಕು; ಇಲ್ಲಿ ವೇಷಧಾರಿ ಹಾಡುವುದಿಲ್ಲ, ಚೆಂಡೆ-ಮದ್ದಳೆಗಳ ಜೊತೆ ಕುಳಿತ ಭಾಗವತ ಪ್ರಸಂಗದ, ಅಂದರೆ ಆಡುವ ಕಥೆಯ, ಪದಗಳನ್ನು ಹಾಡುತ್ತಾನೆ, ಮುಮ್ಮೇಳದ, ಅಂದರೆ ವೇಷ ಕಟ್ಟಿದ, ಕಲಾವಿದ ಅದಕ್ಕೆ ಕುಣಿದು, ಆಮೇಲೆ ‘ಅರ್ಥ’ ಎನಿಸಿಕೊಳ್ಳುವ ಮಾತುಗಳನ್ನು ಬಹುಮಟ್ಟಿಗೆ ಅಲ್ಲಲ್ಲೇ ಕಟ್ಟಿ ಹೇಳುತ್ತಾನೆ. ಚಳಿಗಾಲದ ಮೊದಲಲ್ಲಿ ಹೊರಟ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ; ಐಪಿಎಲ್ ಕ್ರಿಕೆಟ್ಟೂ ಬಹುತೇಕ ಅದೇ ಬೇಸಗೆಯಲ್ಲಿ ನಡೆಯುವುದರಿಂದ, ಎರಡನ್ನೂ ಬಿಡಲಾರದ ಪ್ರೇಕ್ಷಕನಿಗೆ ಎರಡು ತಿಂಗಳು ನಿದ್ದೆಯ ಲೆಕ್ಕ ತಪ್ಪುತ್ತದೆ.

ಅಂಥ ಪ್ರೇಕ್ಷಕರೊಬ್ಬರು ಈ ಸಂವಾದದ ಶೆಟ್ಟರು. ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಕಲಿಸಿ ನಿವೃತ್ತರಾದ ಮಾಸ್ತರರು ಅವರ ಎದುರಾಳಿ. ಒಂದೇ ಮನಸ್ಸು ಈ ಎರಡೂ ಕಡೆ ಪ್ರಾಮಾಣಿಕವಾಗಿ ಇರಬಲ್ಲದೇ ಎಂಬುದು ಪ್ರಶ್ನೆ. ಇರಲಾರದು ಎಂಬುದು ಮಾಸ್ತರರ ಪೂರ್ವಪಕ್ಷ.

ಮಾಸ್ತರರು: ಅಭಿನವಗುಪ್ತನು ಭರತನ ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ಯಲ್ಲಿ ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ, ಅವುಗಳಲ್ಲಿ ಒಂದು ನಿಜಸುಖಾದಿವಿವಶೀಭಾವ, ಅಂದರೆ ನೋಡುವವನು ತನ್ನದೇ ಸುಖದುಃಖಗಳ ಕೈಗೆ ಸಿಕ್ಕಿ ಎದುರಿನದನ್ನು ಕಾಣಲಾರದೆ ಹೋಗುವುದು. ಆಮೇಲೆ ಬಂದ ಮಮ್ಮಟ ಇದನ್ನು ಇನ್ನಷ್ಟು ಬಿಡಿಸಿ, ರಂಗದ ಮೇಲಿನ ಭಾವ ನನ್ನದು, ಶತ್ರುವಿನದು, ತಟಸ್ಥನದು ಎಂಬ ಮೂರು ಸಂಬಂಧಗಳಲ್ಲಿ ಯಾವುದಕ್ಕೂ ಅಂಟದೆ, ಯಾವುದನ್ನೂ ನಿರಾಕರಿಸದೆ ನಿಂತಾಗ ಮಾತ್ರ ರಸವಾಗುತ್ತದೆ ಎಂಬ ಅರ್ಥದಲ್ಲಿ ವಿವರಿಸುತ್ತಾನೆ. ಭಾವವನ್ನು ಹೀಗೆ ಒಬ್ಬರ ಸ್ವತ್ತಾಗದಂತೆ ಮಾಡುವುದಕ್ಕೆ ಸಾಧಾರಣೀಕರಣ ಎಂದು ಹೆಸರು. ಶೆಟ್ಟರೇ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಈ ಮೂರು ಸಂಬಂಧಗಳ ಹೊರತು ಬೇರೇನಿದೆ? ಬೆಂಗಳೂರು ತಂಡದ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಎಂಬ ಕೂಗಿನಲ್ಲಿ ‘ನಮ್ದೇ’ ಎಂಬುದನ್ನು ತೆಗೆದರೆ ಉಳಿಯುವುದು ಒಂದು ಪಾತ್ರೆ.

ಶೆಟ್ಟರು: ಆದರೆ ಆ ‘ನಾವು’ ಯಾರು ಎಂಬುದನ್ನು ಮೊದಲು ಕೇಳಬೇಕಲ್ಲ, ಮಾಸ್ಟ್ರೇ. ಬೆಂಗಳೂರು ತಂಡ 2025ರಲ್ಲಿ ಮೊದಲ ಸಲ ಕಪ್ ಗೆದ್ದಾಗ ಅದರ ನಾಯಕ ರಜತ್ ಪಾಟೀದಾರ್ ಇಂದೋರಿನವರು, ಅದರ ಮುಖವಾಗಿದ್ದ ವಿರಾಟ್ ಕೊಹ್ಲಿ ದೆಹಲಿಯವರು. ಹರಾಜಿನಲ್ಲಿ ಬಂದವರು ಹರಾಜಿನಲ್ಲೇ ಹೋಗುತ್ತಾರೆ. ಮೇಳದ ಕಲಾವಿದರೂ ತಿರುಗಾಟ ಮುಗಿದ ಮೇಲೆ ಮೇಳ ಬದಲಿಸುತ್ತಾರೆ. ಪ್ರೇಕ್ಷಕರಲ್ಲಿ ಕೆಲವರು ಮೇಳಕ್ಕೆ ಅಂಟಿಕೊಳ್ಳುತ್ತಾರೆ, ಕೆಲವರು ಭಾಗವತರ ಬೆನ್ನು ಹತ್ತಿ ಹೋಗುತ್ತಾರೆ. ಆದ್ದರಿಂದ ‘ನಮ್ಮದು’ ಎಂಬುದು ರಕ್ತಸಂಬಂಧವೂ ಅಲ್ಲ, ಆಸ್ತಿಪತ್ರವೂ ಅಲ್ಲ. ಅದು ನೋಡುವವನು ತಾನೇ ಕಟ್ಟಿಕೊಂಡ ವೇಷ.

ಮಾಸ್ತರರು: ವೇಷವಾದರೆ ಕಳಚಲು ಬರಬೇಕು. ಆಟ ಮುಗಿದ ಬೆಳಿಗ್ಗೆ ಮಹಿಷಾಸುರನ ವೇಷಧಾರಿ ಬಣ್ಣ ಒರೆಸಿ ಚಹಾ ಕುಡಿಯುತ್ತಾನೆ. ಸೋತ ತಂಡದ ಅಭಿಮಾನಿ ಮೂರು ದಿನ ಮನೆಯವರ ಜೊತೆ ನೆಟ್ಟಗೆ ಮಾತನಾಡುವುದಿಲ್ಲ.

ಶೆಟ್ಟರು: ಒಪ್ಪಬಹುದು. ಆದರೂ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ನಡೆದದ್ದನ್ನು ತಮ್ಮ ಮೂರು ಸಂಬಂಧಗಳಲ್ಲಿ ಎಲ್ಲಿ ಇಡುವುದು? ಕರಾವಳಿಯಲ್ಲಿ ಬೆಳೆದ ಕೆ.ಎಲ್. ರಾಹುಲ್ ಅಂದು ದೆಹಲಿ ತಂಡದ ಪರ ಆಡಿ, ಔಟಾಗದೆ 93 ರನ್ ಹೊಡೆದು ಬೆಂಗಳೂರನ್ನು ಸೋಲಿಸಿದರು. ಗೆದ್ದ ಕ್ಷಣದಲ್ಲಿ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿದರು. ಅದು ‘ಕಾಂತಾರ’ ಚಿತ್ರದಿಂದ ಬಂದ ಮುದ್ರೆ ಎಂದು ಆಮೇಲೆ ಅವರೇ ಹೇಳಿದರು. ಈ ನೆಲ ನಮ್ಮದು ಎಂಬುದು ಅದರ ಅರ್ಥ. ಹಾಗಾದರೆ ಅಂದು ‘ನಮ್ಮವರು’ ಗೆದ್ದರೋ ಸೋತರೋ? ಕರಾವಳಿಯ ಬೆಂಗಳೂರು ಅಭಿಮಾನಿಗೆ ನನ್ನದು, ಶತ್ರುವಿನದು ಎಂಬ ಎರಡೂ ಒಂದೇ ಮೈಯಲ್ಲಿ ಬಂದು ನಿಂತಿದ್ದವು. ಅವನು ಸಿಟ್ಟು ಮಾಡಲಾರದೆ, ಹಿಗ್ಗಲಾರದೆ, ಆ ವೃತ್ತವನ್ನೇ ನೋಡಿದ. ತಮ್ಮ ಮಮ್ಮಟ ಕೇಳುವುದು ಬಹುಶಃ ಇಂಥದ್ದನ್ನೇ.

ಮಾಸ್ತರರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಅದೊಂದು ಅಪವಾದ, ಅಪವಾದದಿಂದ ನಿಯಮ ಮುರಿಯುವುದಿಲ್ಲ ಎಂದಷ್ಟೇ ಹೇಳಿ ಅವರು ಮಾತನ್ನು ಬೇರೆ ದಾರಿಗೆ ಹೊರಳಿಸಿದರು; ವಾದದಲ್ಲಿ ಕೊಂಚ ಹಿಂದೆ ಬಿದ್ದ ಪಂಡಿತರು ಮೂಲಗ್ರಂಥಕ್ಕೆ ಮರಳುವುದು ವಾಡಿಕೆ.

ಮಾಸ್ತರರು: ನಾಟ್ಯಶಾಸ್ತ್ರದ 27ನೇ ಅಧ್ಯಾಯದ ವಿಷಯ ಸಿದ್ಧಿ, ಅಂದರೆ ಪ್ರಯೋಗದ ಯಶಸ್ಸು. ಅದರಲ್ಲಿ ಎರಡು ಬಗೆ. ಪ್ರೇಕ್ಷಕರು ನಗುವುದು, ಭೇಷ್ ಎನ್ನುವುದು, ಅಯ್ಯೋ ಎನ್ನುವುದು, ಗದ್ದಲ ಎಬ್ಬಿಸುವುದು, ಕುಳಿತಲ್ಲಿಂದ ಏಳುವುದು, ಮೈ ನವಿರೇಳುವುದು, ಬಟ್ಟೆ-ಉಂಗುರಗಳನ್ನು ಕಲಾವಿದರಿಗೆ ಕೊಡುವುದು, ಇವೆಲ್ಲ ಮಾನುಷೀ ಸಿದ್ಧಿ. ರಂಗಮಂಟಪ ತುಂಬಿದ್ದೂ ಸದ್ದಿಲ್ಲ, ಕ್ಷೋಭೆಯಿಲ್ಲ ಎಂಬ ಸ್ಥಿತಿ ದೈವೀ ಸಿದ್ಧಿ. ಕ್ರೀಡಾಂಗಣಕ್ಕೆ ಮೊದಲನೆಯದು ಧಾರಾಳವಾಗಿ ಲಭಿಸುತ್ತದೆ; ಎರಡನೆಯದು ಎಂದೂ ಲಭಿಸದು.

ಶೆಟ್ಟರು: ಕ್ರೀಡಾಂಗಣದ ಮೌನವನ್ನು ತಾವು ಕೇಳಿಲ್ಲ. ಎತ್ತರಕ್ಕೆ ಎದ್ದ ಚೆಂಡು ಕೆಳಗಿಳಿಯುವ ತನಕ, ಅದರ ಅಡಿಯಲ್ಲಿ ಒಬ್ಬ ನಿಂತಿರುವಾಗ, ಮೂವತ್ತು ಸಾವಿರ ಜನ ಉಸಿರು ಬಿಗಿಹಿಡಿಯುತ್ತಾರೆ.

ಮಾಸ್ತರರು: ಅದು ಭಯದ ಮೌನ, ತೃಪ್ತಿಯದಲ್ಲ. ಮುಂದಿನ ಕ್ಷಣ ಅರ್ಧ ಮೈದಾನ ಕುಣಿಯುತ್ತದೆ. ಆ ಕುಣಿತ ಯಾವಾಗಲೂ ನಿರಪಾಯವಾದದ್ದೂ ಅಲ್ಲ; 2025ರ ಜೂನ್ 4ರಂದು ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ 11 ಮಂದಿ ಚಿನ್ನಸ್ವಾಮಿಯ ಹೊರಗಿನ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು.

ಆ ಸಾವುಗಳಿಗೆ ರಸಶಾಸ್ತ್ರದಲ್ಲಿ ಉತ್ತರ ಹುಡುಕುವುದು ಸತ್ತವರಿಗೆ ಮಾಡುವ ಅಗೌರವವಾದೀತೆಂದು ಶೆಟ್ಟರು ಮೆಲ್ಲಗೆ ಹೇಳಿದರು; ಮಾಸ್ತರರೂ ಅದನ್ನು ವಾದವಾಗಿ ಮುಂದುವರಿಸಲಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಮೂರನೆಯವರು ಈಗ ಬಾಯಿ ತೆರೆದರು. ಅವರು ತೆಂಕುತಿಟ್ಟಿನ, ಅಂದರೆ ದಕ್ಷಿಣ ಕರಾವಳಿಯ ಶೈಲಿಯ, ಮದ್ದಳೆಗಾರರು. ಇಬ್ಬರೂ ಜೋಡಾಟವನ್ನು ಮರೆತಿದ್ದಾರೆ ಎಂಬುದು ಅವರ ದೂರು. ಜೋಡಾಟವೆಂದರೆ ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ, ಎರಡು ಮೇಳಗಳು ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುವುದು. ಅಲ್ಲಿ ಇಬ್ಬರು ದೇವೇಂದ್ರರು, ಇಬ್ಬರು ಮಹಿಷಾಸುರರು, ಎರಡು ಚೆಂಡೆಗಳು, ಒಬ್ಬನೇ ಪ್ರೇಕ್ಷಕ.

ಮಾಸ್ತರರು: ಅದೊಂದು ವಿಕೃತಿ ಎಂದೇ ಬಲ್ಲವರು ಭಾವಿಸುತ್ತಾರೆ.

ಮದ್ದಳೆಗಾರರು: ವಿಕೃತಿಯಾದರೂ ಜನ ಕಿಕ್ಕಿರಿಯುತ್ತಿದ್ದರು. ಜೋಡಾಟದಲ್ಲಿ ಬಾರಿಸುವವನ ಒಂದು ಕಿವಿ ತನ್ನ ಭಾಗವತರ ಮೇಲೆ, ಇನ್ನೊಂದು ಕಿವಿ ಆಚೆಯ ರಂಗಸ್ಥಳದ ಮೇಲೆ. ಆಚೆ ಚೆಂಡೆ ಏರಿದರೆ ಈಚೆ ಏರಿಸದೆ ಇರಲಾಗುವುದಿಲ್ಲ. ಆಚೆಯ ವೇಷ ಹೆಚ್ಚು ಧೀಂಗಿಣ ಹಾಕಿತೆಂದರೆ, ಅಂದರೆ ಗಾಳಿಯಲ್ಲಿ ಸುತ್ತಿ ಸುತ್ತಿ ಹಾರಿತೆಂದರೆ, ಈಚೆಯದು ಅದನ್ನು ಮೀರಿಸಲೇಬೇಕು. ಅರ್ಥ ಹೇಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ; ಅಲ್ಲಿ ಮಾತು ಸೋಲುತ್ತದೆ, ಕಾಲು ಗೆಲ್ಲುತ್ತದೆ. ದೇವಿಯ ಕೈಯಲ್ಲಿ ಮಹಿಷಾಸುರ ಸಾಯುವುದು ಎರಡೂ ಕಡೆ ಖಚಿತ. ಯಾವ ಮಹಿಷಾಸುರ ಗೆದ್ದ ಎಂಬುದು ಮಾತ್ರ ಬೆಳಗಿನ ತನಕ ಖಚಿತವಲ್ಲ.

ಈ ಕೊನೆಯ ಮಾತು ಇಬ್ಬರನ್ನೂ ತಡೆದು ನಿಲ್ಲಿಸಿತು. ಪ್ರಸಂಗದ ಅಂತ್ಯ ಗೊತ್ತಿದ್ದೂ ಪ್ರಯೋಗದ ಅಂತ್ಯ ಗೊತ್ತಿಲ್ಲದಿರುವ ಈ ಸ್ಥಿತಿ ಭರತನಿಗೂ ಹೊಸದಲ್ಲವೆಂದು ಮಾಸ್ತರರು, ತಮ್ಮ ಪಕ್ಷಕ್ಕೆ ಅದು ಅನುಕೂಲವಲ್ಲದಿದ್ದರೂ, ಪ್ರಾಮಾಣಿಕವಾಗಿ ಒಪ್ಪಿಕೊಂಡರು: ಅದೇ ಸಿದ್ಧಿಯ ಅಧ್ಯಾಯದಲ್ಲಿ ನಟರು ಹಣಕ್ಕಾಗಿಯೋ ಪತಾಕೆಗಾಗಿಯೋ ಸ್ಪರ್ಧಿಸುವುದು, ಪ್ರಾಶ್ನಿಕರೆಂಬ ತೀರ್ಪುಗಾರರು ಪಕ್ಷಪಾತವಿಲ್ಲದೆ ಕುಳಿತು ಗುಣದೋಷ ಎಣಿಸುವುದು, ಗೆದ್ದವರಿಗೆ ಪತಾಕೆ ಸಲ್ಲುವುದು, ಎಲ್ಲವೂ ಇದೆ. ಜೋಡಾಟದಲ್ಲಿ ಪ್ರಾಶ್ನಿಕರಿಲ್ಲ, ಜನರೇ ಒಂದು ರಂಗಸ್ಥಳದಿಂದ ಇನ್ನೊಂದರತ್ತ ಸರಿದು ತೀರ್ಪು ಕೊಡುತ್ತಾರೆ. ಸುಪ್ತವಾಗಿದ್ದ ಕ್ರೀಡೆ ಅಲ್ಲಿ ಮೇಲೆದ್ದು ಬರುತ್ತದೆ ಎನ್ನಬಹುದು.

ಶೆಟ್ಟರು: ಹಾಗಿದ್ದರೆ ಕ್ರೀಡೆಯೊಳಗೂ ನಾಟ್ಯ ಸುಪ್ತವಾಗಿರಬಾರದೇಕೆ? ವೆಸ್ಟ್ ಇಂಡೀಸಿನ ಚಿಂತಕ ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ ಪ್ರಕಟವಾದ ‘ಬಿಯಾಂಡ್ ಎ ಬೌಂಡರಿ’ಯಲ್ಲಿ ಕ್ರಿಕೆಟ್ಟನ್ನು ನಾಟಕ, ನೃತ್ಯಗಳ ಸಾಲಿನಲ್ಲೇ ನಿಲ್ಲಿಸುತ್ತಾರೆ. ಚೆಂಡನ್ನು ಎದುರಿಸುವ ಬ್ಯಾಟುಗಾರ ತನ್ನ ತಂಡವನ್ನು ಪ್ರತಿನಿಧಿಸುವುದಷ್ಟೇ ಅಲ್ಲ, ಆ ಕ್ಷಣಕ್ಕೆ ಅವನೇ ತಂಡ ಎಂಬುದು ಅವರ ನಿಲುವು.

ಮಾಸ್ತರರು: ಅಲ್ಲೇ ವ್ಯತ್ಯಾಸ. ರಾಮನ ವೇಷಧಾರಿ ರಾಮನಲ್ಲ, ರಾಮನಲ್ಲದವನೂ ಅಲ್ಲ. ಆ ಅಂತರದಲ್ಲಿ ರಸಕ್ಕೆ ಜಾಗವಿದೆ. ಬ್ಯಾಟುಗಾರ ತಂಡವೇ ಆಗಿಬಿಟ್ಟರೆ ಅಂತರವೇ ಉಳಿಯದು. ಇನ್ನೊಂದು ಮುಖ್ಯ ಸಂಗತಿಯನ್ನು ಹೇಳಲೇಬೇಕು. ನಿಜಸುಖದುಃಖಗಳ ವಿಘ್ನವನ್ನು ಹೇಳಿದ ಅಭಿನವಗುಪ್ತ ಅದರ ಮದ್ದನ್ನೂ ಹೇಳಿದ್ದಾನೆ: ವಾದ್ಯ, ಗಾನ, ಅಲಂಕೃತ ಮಂಟಪ, ಇಂಥವು. ಸಹೃದಯನಲ್ಲದವನ ಎದೆಯನ್ನೂ ಇವು ತೊಳೆದು ಸಹೃದಯನನ್ನಾಗಿ ಮಾಡುತ್ತವೆ ಎಂಬುದು ಅವನ ಅಭಿಪ್ರಾಯ. ಯಕ್ಷಗಾನದಲ್ಲಿ ಸಂಗೀತ ಒಗ್ಗರಣೆಯಲ್ಲ. ಮನೆಯ ಸಾಲ, ಮಗನ ಮದುವೆ ತಲೆಯಲ್ಲಿ ತುಂಬಿಕೊಂಡು ಬಂದವನನ್ನು ಅವನಿಂದಲೇ ಬಿಡಿಸುವ ಕೆಲಸ ಅದರದು.

ಶೆಟ್ಟರು: ಕ್ರೀಡಾಂಗಣದಲ್ಲೂ ಡೋಲು ಬಾರಿಸುತ್ತಾರೆ.

ಮದ್ದಳೆಗಾರರು: ಬಾರಿಸುತ್ತಾರೆ, ಆದರೆ ಅದು ಜೋಡಾಟದ ಚೆಂಡೆ, ಶೆಟ್ಟರೇ. ಎದುರಿನವರನ್ನು ಮುಳುಗಿಸುವುದಕ್ಕೆ ಬಾರಿಸುವುದು.

ಇಲ್ಲಿಗೆ ವಾದ ಮಾಸ್ತರರ ಕಡೆಗೆ ವಾಲಿದಂತಾಯಿತು. ಆಗ ಶೆಟ್ಟರು ಬಹಳ ಹೊತ್ತಿನಿಂದ ಕೂಡಿಟ್ಟುಕೊಂಡಿದ್ದ ಒಂದು ಉದಾಹರಣೆಯನ್ನು ಹೊರತೆಗೆದರು.

ಶೆಟ್ಟರು: 2025ರ ಜೂನ್ 3, ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಬೆಂಗಳೂರು 190 ರನ್ ಮಾಡಿತ್ತು. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ರನ್ ಬೇಕಿತ್ತು. ಬೆಂಗಳೂರಿನ ಬೌಲರ್ ಹೇಝಲ್‌ವುಡ್ ಎಸೆದ ಮೊದಲ ಎರಡು ಚೆಂಡುಗಳಲ್ಲಿ ರನ್ ಬರಲಿಲ್ಲ. ಉಳಿದ ನಾಲ್ಕಕ್ಕೂ ಸಿಕ್ಸರ್ ಹೊಡೆದರೂ 24. ನೋಬಾಲ್, ವೈಡುಗಳ ಕೃಪೆ ಇಲ್ಲದಿದ್ದರೆ ಪಂದ್ಯ ಅಲ್ಲಿಗೆ ಮುಗಿದಿತ್ತು. 18ನೇ ಆವೃತ್ತಿಯ ತನಕ ಕಾದ ಕೊಹ್ಲಿಯ ಕಣ್ಣು ತುಂಬಿತ್ತು. ಆದರೆ ಆಟದ ನಿಯಮ ಆರು ಚೆಂಡು ಕೇಳುತ್ತದೆ. ಪಂಜಾಬಿನ ಶಶಾಂಕ್ ಸಿಂಗ್ ಒಂದು ಸಿಕ್ಸರ್, ಒಂದು ಬೌಂಡರಿ, ಮತ್ತೆ ಎರಡು ಸಿಕ್ಸರ್ ಹೊಡೆದರು. ಪಂಜಾಬ್ ಆರು ರನ್ನುಗಳಿಂದ ಸೋತಿತು. ಆ ನಾಲ್ಕು ಹೊಡೆತಗಳು ಏನನ್ನೂ ಬದಲಿಸಲಾರವಾಗಿದ್ದವು. ಅರ್ಧ ಗಂಟೆ ಮುಂಚೆ ಹೊಡೆದಿದ್ದರೆ ಎದೆಗೆ ಇರಿಯುತ್ತಿದ್ದ ಅದೇ ಸಿಕ್ಸರುಗಳನ್ನು ಈಗ ಬೆಂಗಳೂರಿನ ಅಭಿಮಾನಿ ಎಂಥ ಚಂದ ಎಂದು ನೋಡಬಹುದಿತ್ತು. ಶತ್ರುವಿನದಾಗಿಯೂ ಶತ್ರುವಿನದಲ್ಲ, ನಮ್ಮದಲ್ಲದೆಯೂ ನಮ್ಮದು. ಫಲ ನಿಶ್ಚಯವಾದ ಕೂಡಲೇ ಪಂದ್ಯ ಪ್ರಸಂಗವಾಗಿಬಿಟ್ಟಿತು.

ಮಾಸ್ತರರು: ‘ನೋಡಬಹುದಿತ್ತು’ ಎಂದಿರಿ. ನೋಡಿದವರು ಇದ್ದಾರೆಯೇ?

ಶೆಟ್ಟರು: ಅಂದು ಇಲ್ಲ. ಎಲ್ಲರೂ ಕೊಹ್ಲಿಯನ್ನೇ ನೋಡುತ್ತಿದ್ದರು. ಆಮೇಲೆ, ದಾಖಲಾದ ಪಂದ್ಯವನ್ನು ಮತ್ತೆ ಹಾಕಿಕೊಂಡಾಗ, ಆ ನಾಲ್ಕು ಚೆಂಡುಗಳು ಕಣ್ಣಿಗೆ ಬೀಳುತ್ತವೆ.

ಫಲ ಗೊತ್ತಿರುವುದೊಂದೇ ರಸಕ್ಕೆ ಸಾಕೆಂಬುದು ಇದರಿಂದ ಬರುವ ತೀರ್ಮಾನವೇ ಎಂದು ಮಾಸ್ತರರು ಕೇಳಿದರು. ಹೌದೆಂದು ಶೆಟ್ಟರು ಹೇಳಿದರು. ಹಾಗಾದರೆ 2016ರ ಮೇ 29ರಂದು ಚಿನ್ನಸ್ವಾಮಿಯಲ್ಲೇ ಬೆಂಗಳೂರು ಎಂಟು ರನ್ನುಗಳಿಂದ ಕಳೆದುಕೊಂಡ ಫೈನಲ್ಲನ್ನೂ ಅವರು ಹಾಗೆಯೇ ಮತ್ತೆ ಮತ್ತೆ ನೋಡಿರಬೇಕಲ್ಲವೇ ಎಂದು ಮಾಸ್ತರರು ವಿಚಾರಿಸಿದರು. ಶೆಟ್ಟರು ಬಹಳ ಹೊತ್ತು ಸುಮ್ಮನಿದ್ದು, ಪ್ರತಿವರ್ಷ ಎಲ್ಲಿ ಕರ್ಣಪರ್ವ ಆಡಿದರೂ ಹೋಗಿ, ರಥದ ಗಾಲಿ ಹೂತ ಗಳಿಗೆಯಲ್ಲಿ ಭಾಗವತರ ಪದಕ್ಕೆ ಕಣ್ಣೊರೆಸಿಕೊಂಡು ಬರುವುದು ನಿಜವೇ ಆದರೂ, 2016ರ ಆ ಪಂದ್ಯವನ್ನು ಇಂದಿನವರೆಗೆ ಇನ್ನೊಮ್ಮೆ ನೋಡಲು ಆಗಿಲ್ಲವೆಂದರು. ಮಾಸ್ತರರು ಗೆದ್ದವರಂತೆ ಕಾಣಲಿಲ್ಲ. ಯಾಕೆ ಆಗಿಲ್ಲ ಎಂದು ಕೇಳಲು ಹೊರಟವರು ಕೇಳದೆ, ಅಂದಿನ ರಾತ್ರಿಯ ಆಟ ಎಲ್ಲಿದೆ ಎಂದು ಮದ್ದಳೆಗಾರರನ್ನು ವಿಚಾರಿಸಿದರು.