ಹೇಸಿಗೆ, ವ್ರತ ಮತ್ತು ಸಹಪಂಕ್ತಿ

ಅಪರಿಚಿತ ಆಹಾರ ಕಂಡಾಗ ಹುಟ್ಟುವ ಹೇಸಿಗೆ ಅದನ್ನು ಉಣ್ಣುವವರ ಮೇಲೂ ಹರಡುವುದು ಬಹುತೇಕ ಎಲ್ಲ ಸಮಾಜಗಳಲ್ಲೂ ಕಾಣುವ ಸಂಗತಿ. ನಾಲಗೆ ಒಪ್ಪದ್ದನ್ನು ಮನಸ್ಸು ಕೀಳೆಂದು ತೀರ್ಮಾನಿಸುತ್ತದೆ; ಊಟ ಕೀಳಾದ ಮೇಲೆ ಉಣ್ಣುವವರೂ ಕೀಳಾಗುತ್ತಾರೆ. ಈ ತೀರ್ಮಾನಕ್ಕೆ ನೈತಿಕ ಆಧಾರವಿದೆಯೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು.

ಹೇಸಿಗೆಯ ಬಹುಪಾಲು ಕಲಿತದ್ದು. ಸಿಹಿಗೆ ಒಲಿಯುವುದು, ಕಹಿಗೆ ಮುಖ ಕಿವುಚುವುದು ಹುಟ್ಟಿನಿಂದಲೇ ಬರುತ್ತದೆ. ಆದರೆ ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಯಾವುದು ತಿನ್ನತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಮನೆಯವರ ಮುಖ ನೋಡಿ ಕಲಿಯುತ್ತದೆ. ಕಲಿತದ್ದು ಬದಲಾಗಲೂಬಲ್ಲದು. ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು 1492ಕ್ಕೆ ಮುಂಚೆ ಕನ್ನಡನಾಡಿನ ಯಾವ ಅಡುಗೆಮನೆಯಲ್ಲೂ ಇರಲಿಲ್ಲ. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಕಾಳುಮೆಣಸೇ ಬೇಕು, ಮೆಣಸಿನಕಾಯಿ ಸಲ್ಲದು. ಉಳಿದ ದಿನ ಅದೇ ಮನೆಯ ಸಾರಿಗೆ ಬಣ್ಣ ಕೊಡುವುದು ಬ್ಯಾಡಗಿ ಮೆಣಸಿನಕಾಯಿ.

ಆಹಾರದ ಭೇದವೂ ಮನುಷ್ಯರ ಭೇದವೂ ಹೆಣೆದುಕೊಂಡಿರುವುದನ್ನು ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ 10ನೆಯ ಅಧ್ಯಾಯ ಸ್ಪಷ್ಟವಾಗಿ ತೋರಿಸುತ್ತದೆ. ಯೊಪ್ಪದಲ್ಲಿ ಹಸಿದಿದ್ದ ಯೇಸುವಿನ ಶಿಷ್ಯ ಪೇತ್ರನಿಗೆ ತನ್ನ ಯೆಹೂದಿ ಧರ್ಮಶಾಸ್ತ್ರ ನಿಷೇಧಿಸಿದ ಪ್ರಾಣಿಗಳನ್ನೂ ತಿನ್ನೆನ್ನುವ ದರ್ಶನವಾಗುತ್ತದೆ. ಅದರ ಅರ್ಥ ಅವನಿಗೆ ಹೊಳೆಯುವುದು ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯ ಹೊಸಿಲು ದಾಟಿದಾಗ: ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದು. ಮುಂದೆ ಅಂತಿಯೋಕ್ಯದಲ್ಲಿ ಅದೇ ಪೇತ್ರ ತನ್ನವರಿಗೆ ಅಂಜಿ ಅನ್ಯರ ಪಂಕ್ತಿಯಿಂದ ಹಿಂದೆ ಸರಿದ; ಅಪೊಸ್ತಲ ಪೌಲ ಅವನನ್ನು ಎದುರಿಗೇ ಖಂಡಿಸಿದ. ತತ್ತ್ವ ತಿಳಿದವನಿಗೂ ಪಂಕ್ತಿಯಲ್ಲಿ ಉಳಿಯುವುದು ಕಷ್ಟವಾಯಿತು.

ಆದ್ದರಿಂದಲೇ ಹಲವು ಸುಧಾರಕರು ಉಪದೇಶಕ್ಕೆ ನಿಲ್ಲದೆ ಪಂಕ್ತಿಯನ್ನೇ ಕಟ್ಟಿದರು. 12ನೆಯ ಶತಮಾನದ ಶರಣರು ದಾಸೋಹವನ್ನು ಆಚರಣೆಯ ನಡುವಿಗೆ ತಂದರು. ಸಿಖ್ಖರ ಲಂಗರಿನಲ್ಲಿ ಬಂದವರೆಲ್ಲ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂರುತ್ತಾರೆ. ಯಾವ ಮತದವರೂ ಉಣ್ಣಲೆಂದು ಅಲ್ಲಿ ಸಸ್ಯಾಹಾರವನ್ನೇ ಬಡಿಸುತ್ತಾರೆ. ನಾರಾಯಣ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವ ಜಾತಿಯವರನ್ನೂ ಅವರಿಗಿಂತ ಕೀಳೆನಿಸಿಕೊಂಡಿದ್ದ ಪುಲಯರನ್ನೂ ಜೊತೆಗೆ ಕೂರಿಸಿ ಮಿಶ್ರಭೋಜನ ನಡೆಸಿದರು. ಅವರದೇ ಈಳವ ಸಮುದಾಯದವರು ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅವರು ಅದನ್ನು ಗೌರವವೆಂದೇ ಸ್ವೀಕರಿಸಿದರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಬೇಕು. ಜೈನರು ಗೆಡ್ಡೆಗೆಣಸು ಬಿಡುವುದು, ಮುಸ್ಲಿಮರು ಹಂದಿಮಾಂಸ ಮುಟ್ಟದಿರುವುದು, ಸಸ್ಯಾಹಾರಿ ಮಾಂಸ ಒಲ್ಲೆನೆನ್ನುವುದು ಸಂಕುಚಿತತೆಯೇ? ಅಲ್ಲ. ಇಂಥ ವ್ರತ ಉಣ್ಣುವವನನ್ನೇ ಕಟ್ಟುತ್ತದೆ. ತನ್ನ ಎಲೆಯ ಮೇಲೆ ಏನಿರಬೇಕೆಂಬುದನ್ನಷ್ಟೇ ಹೇಳುತ್ತದೆ. ಮಾಂಸಾಹಾರ ಹಿಂಸೆಯೆಂದು ವಾದಿಸುವುದಕ್ಕೂ ಅವಕಾಶವಿದೆ, ಏಕೆಂದರೆ ವಾದಕ್ಕೆ ಪ್ರತಿವಾದ ಹೂಡಬಹುದು. ಹೇಸಿಗೆಗೆ ಅಂಥ ಕಾರಣಗಳಿಲ್ಲ; ಅದು ಪಕ್ಕದ ಎಲೆಯನ್ನು ನೋಡಿ ಅದರ ಮುಂದೆ ಕೂತವರ ಯೋಗ್ಯತೆ ಅಳೆಯುತ್ತದೆ. ಒಂದು ತಿನಿಸನ್ನು ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ, ಪಂಕ್ತಿಯಿಂದ ಮನುಷ್ಯನನ್ನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ.

ವ್ರತ ಅಡ್ಡಬರದ ಕಡೆ ರುಚಿಯನ್ನು ಕಲಿಯಬಹುದು, ಕಲಿಸುವವರು ಆ ಊಟದವರೇ ಆಗಿರಬೇಕು. ರೊಟ್ಟಿ ಅಗಿದು ಬೆಳೆದವರಿಗೆ ಮೊದಲ ಸಲ ರಾಗಿಮುದ್ದೆ ಹಲ್ಲಿಗೆ ಅಂಟುತ್ತದೆ, ಸಪ್ಪೆಯೆನಿಸುತ್ತದೆ. ತುತ್ತು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕೆಂದು ಪಕ್ಕದವರು ತೋರಿಸಿದ ಮೇಲೆ ಅದರ ಹದ ತಿಳಿಯುತ್ತದೆ. ಮತ್ತೆ ಮತ್ತೆ ಉಂಡಾಗ ನಾಲಗೆ ಒಗ್ಗುತ್ತದೆ. ಹಾಗೆ ಕಲಿಯುವವರು ಅಷ್ಟು ಹೊತ್ತು ಇನ್ನೊಬ್ಬರ ತಿಳಿವಳಿಕೆಗೆ ತಲೆಬಾಗಿರುತ್ತಾರೆ. ಭಿನ್ನರ ಬಗೆಗಿನ ಗೌರವ ಬೇರೂರುವುದು ಇಂಥ ಕಲಿಕೆಯಿಂದ. ರುಚಿ ಹತ್ತದಿದ್ದರೂ ಆ ಗೌರವಕ್ಕೆ ಕುಂದಿಲ್ಲ.